ಹೂಡಿದವರು ನಾವು, ಲೆಕ್ಕ ಕೇಳೋರು ಯಾರು?

ಇವತ್ತು ಎರಡು ಕಾಗದ ಕೈಯಲ್ಲಿಟ್ಟುಕೊಂಡು ಈ ಮಾತು ಕೇಳಿ. ಒಂದು ನಿಮ್ಮ ಪೇ ಸ್ಲಿಪ್. ಇನ್ನೊಂದು ಮನೆಯ ಆಸ್ತಿ ತೆರಿಗೆ ರಸೀದಿ. ಬಾಡಿಗೆ ಮನೆಯಾದರೆ ಓನರ್ ಹತ್ತಿರ ಇರುತ್ತೆ, ಆದರೆ ಅವರು ಕಟ್ಟೋದು ನಿಮ್ಮ ಬಾಡಿಗೆಯಿಂದಲೇ ಅಲ್ವಾ?

ಮೊದಲು ಪೇ ಸ್ಲಿಪ್ ನೋಡಿ. ಕೆಳಗಡೆ ವೃತ್ತಿ ತೆರಿಗೆ, 200 ರೂಪಾಯಿ ಅಂತ ಒಂದು ಸಾಲಿದೆ. 2025ರ ಏಪ್ರಿಲ್‌ನಿಂದ ಫೆಬ್ರವರಿ ತಿಂಗಳಿಗೆ ಮಾತ್ರ ಅದು 300. ಒಟ್ಟು ವರ್ಷಕ್ಕೆ 2,500. ಇದಕ್ಕಿಂತ ಜಾಸ್ತಿ ಹಾಕೋ ಹಾಗಿಲ್ಲ, ಸಂವಿಧಾನದ 276ನೇ ವಿಧಿಯೇ ಮಿತಿ ಹಾಕಿದೆ. ಸಣ್ಣ ಮೊತ್ತ ಅನ್ನಿಸುತ್ತೆ. ಆದರೆ ಹೂಡಿಯಿಂದ ಐಟಿಪಿಎಲ್ ಕಡೆ ಹೋಗೋ ರಸ್ತೆಯಲ್ಲಿ ಹತ್ತು ಸಾವಿರ ಜನ ಕೆಲಸ ಮಾಡೋ ಒಂದು ಟೆಕ್ ಪಾರ್ಕ್ ಅಂತ ಲೆಕ್ಕ ಹಾಕಿ. ವರ್ಷಕ್ಕೆ ಎರಡೂವರೆ ಕೋಟಿ!

ಈ ಹಣ ಎಲ್ಲಿಗೆ ಹೋಗುತ್ತೆ? ವಾಣಿಜ್ಯ ತೆರಿಗೆ ಇಲಾಖೆಯ ಮೂಲಕ ನೇರ ರಾಜ್ಯದ ಬೊಕ್ಕಸಕ್ಕೆ. ಅತ್ತಿಬೆಲೆ ದಾಟಿ ಹೊಸೂರಿಗೆ ಹೋದರೆ ಕಥೆ ಬೇರೆ. ತಮಿಳುನಾಡಿನಲ್ಲಿ ವೃತ್ತಿ ತೆರಿಗೆ ವಸೂಲಿ ಮಾಡೋದು ಸ್ಥಳೀಯ ಸಂಸ್ಥೆ. ಹೊಸೂರಿನ ಫ್ಯಾಕ್ಟರಿ ಕಾರ್ಮಿಕನ ದುಡ್ಡು ಹೊಸೂರು ಪಾಲಿಕೆಗೆ ಸೇರುತ್ತೆ. ಕೇರಳದಲ್ಲೂ ಹಾಗೇ. ಅದೇ ದೇಶ, ಅದೇ ಸಂವಿಧಾನ. ಆ ರಾಜ್ಯಗಳು ಊರಿಗೆ ಬಿಟ್ಟುಕೊಟ್ಟಿವೆ, ನಮ್ಮ ರಾಜ್ಯ ತಾನೇ ಇಟ್ಟುಕೊಂಡಿದೆ.

ಇದು ಇವತ್ತಿನ ಚಾಳಿಯೂ ಅಲ್ಲ, ಒಂದು ಪಕ್ಷದ ಚಾಳಿಯೂ ಅಲ್ಲ. ಒಂದು ಕಾಲದಲ್ಲಿ ಊರೊಳಗೆ ಬರೋ ಸರಕಿನ ಮೇಲೆ ನಗರಸಭೆ, ಪುರಸಭೆಗಳು ಆಕ್ಟ್ರಾಯ್ ಸುಂಕ ಹಾಕುತ್ತಿದ್ದವು. ನಾಕಾಗಳಲ್ಲಿ ಲಾರಿ ಸಾಲು, ಜೊತೆಗೆ ಲಂಚ. 1979ರಲ್ಲಿ ರಾಜ್ಯ ಅದನ್ನು ರದ್ದು ಮಾಡಿತು. ಒಳ್ಳೆಯದೇ ಆಯಿತು. ಆದರೆ ಅದರ ಜಾಗಕ್ಕೆ ಪ್ರವೇಶ ತೆರಿಗೆ ತಂದು, ವಸೂಲಿಯನ್ನು ತನ್ನ ಇಲಾಖೆಗೆ ತೆಗೆದುಕೊಂಡಿತು. ಊರುಗಳಿಗೆ ಪರಿಹಾರ ಕೊಡ್ತೀವಿ ಅಂದಿತು. 2017ರ ಜುಲೈ 1ರಂದು ಆ ಪ್ರವೇಶ ತೆರಿಗೆಯೂ ಜಿಎಸ್‌ಟಿಯಲ್ಲಿ ಕರಗಿತು. ಊರಿನ ನಾಕಾದಲ್ಲಿ ಊರಿಗೇ ಸಿಗುತ್ತಿದ್ದ ಆದಾಯ 40 ವರ್ಷದೊಳಗೆ ದಿಲ್ಲಿ ಮತ್ತು ವಿಧಾನಸೌಧ ಹಂಚಿಕೊಳ್ಳೋ ಆದಾಯ ಆಯಿತು. ಹಕ್ಕಾಗಿದ್ದದ್ದು ಅನುದಾನವಾಯಿತು. ಎಷ್ಟು ಕೊಡಬೇಕು ಅಂತ ರಾಜ್ಯ ಹಣಕಾಸು ಆಯೋಗ ಹೇಳುತ್ತೆ. ಅದು ಶಿಫಾರಸು ಮಾತ್ರ. ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ.

ಈಗ ಎರಡನೇ ಕಾಗದ. ಆಸ್ತಿ ತೆರಿಗೆಯ ಜೊತೆ ಸೆಸ್ ಅಂತ ಕಟ್ಟಿದ್ದೀರಲ್ಲ? ನೂರು ರೂಪಾಯಿ ತೆರಿಗೆಗೆ ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3, ಆರೋಗ್ಯಕ್ಕೆ 15. ಗ್ರಂಥಾಲಯದ ಸೆಸ್ಸನ್ನು ಪಾಲಿಕೆ ವಸೂಲಿ ಮಾಡಿ ಗ್ರಂಥಾಲಯಗಳಿಗೆ ದಾಟಿಸಬೇಕು. ಇಲ್ಲಿ ತಪ್ಪು ಮಾಡಿದ್ದು ಪಾಲಿಕೆ. ನಮ್ಮಿಂದ ವಸೂಲಿ ಮಾಡಿಕೊಂಡು ನೂರಾರು ಕೋಟಿ ಬಾಕಿ ಉಳಿಸಿಕೊಂಡಿತ್ತು. ಹಾಗಾಗಿ ರಾಜ್ಯ ಕಳ್ಳ, ಪಾಲಿಕೆ ಸಾಚಾ ಅಂತ ನಾನು ಹೇಳ್ತಿಲ್ಲ. ಲೆಕ್ಕ ಕೇಳೋರು ಇಲ್ಲದಿದ್ದರೆ ಯಾರ ಕೈಯಲ್ಲಿ ಹಣ ಇದ್ದರೂ ದಾರಿ ತಪ್ಪುತ್ತೆ.

ವಿಷಯ ಇರೋದೇ ಇಲ್ಲಿ. ಬೆಂಗಳೂರಲ್ಲಿ ಕೊನೆಯ ಪಾಲಿಕೆ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. ಐದು ವರ್ಷದ ಅವಧಿ ಮುಗಿಯೋ ಮೊದಲೇ ಚುನಾವಣೆ ಆಗಬೇಕು ಅನ್ನುತ್ತೆ ಸಂವಿಧಾನದ 243ಯು ವಿಧಿ. ಆಗಲಿಲ್ಲ. ಬಿಜೆಪಿ ಸರ್ಕಾರ ಬಂತು, ಹೋಯಿತು. ಕಾಂಗ್ರೆಸ್ ಸರ್ಕಾರ ಬಂತು. ಬಿಬಿಎಂಪಿ ಹೋಗಿ, 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆ ಬಂದವು. ಹೂಡಿ ಈಗ ಬೆಂಗಳೂರು ಪೂರ್ವ ನಗರ ಪಾಲಿಕೆಯಲ್ಲಿದೆ. ಐದರ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು. ಬೋರ್ಡು ಬದಲಾಯಿತು, ಐದು ವರ್ಷ ದಾಟಿತು, ಕಾರ್ಪೊರೇಟರ್ ಮಾತ್ರ ಇಲ್ಲ.

ಸರಿ, ರಾಜ್ಯ ನಾಳೆ ಈ ಪಾಲಿಕೆಯ ಹಣದ ಮೇಲೆ ಕೈ ಹಾಕಿತು ಅಂತಿಟ್ಟುಕೊಳ್ಳಿ. ಬೇಡ ಅಂತ ನಿರ್ಣಯ ಮಾಡೋರು ಯಾರು? ಕಮಿಷನರ್? ಅವರನ್ನು ಕೂರಿಸಿದ್ದೇ ರಾಜ್ಯ. ವರ್ಗಾವಣೆ ಆದೇಶದ ಮೇಲೆ ಸಹಿ ಹಾಕೋ ಸರ್ಕಾರಕ್ಕೆ ಯಾವ ಅಧಿಕಾರಿ ಎದುರು ಮಾತಾಡ್ತಾರೆ ಸ್ವಾಮಿ? ಕೊಡೋನೂ ಅವರೇ, ತಗೊಳ್ಳೋನೂ ಅವರೇ, ರಸೀದಿ ಬರೆಯೋನೂ ಅವರೇ.

ಹೀಗೆ ಎದುರು ಮಾತಾಡಿ ಗೆದ್ದವರು ಇದ್ದಾರಾ? ಇದ್ದಾರೆ. ನಿಮ್ಮಲ್ಲಿ ಎಷ್ಟೋ ಜನರ ಕಂಪನಿಯ ಹೆಡ್ ಆಫೀಸ್ ಇರೋ ಕ್ಯಾಲಿಫೋರ್ನಿಯಾದಲ್ಲೇ. 2009ರಲ್ಲಿ ಖಜಾನೆ ಬರಿದಾದಾಗ ಆ ರಾಜ್ಯ ಸರ್ಕಾರ ಸ್ಥಳೀಯ ಸಂಸ್ಥೆಗಳ ಆಸ್ತಿ ತೆರಿಗೆಯಿಂದ ಸುಮಾರು 190 ಕೋಟಿ ಡಾಲರ್ ಸಾಲದ ಹೆಸರಲ್ಲಿ ಎತ್ತಿಕೊಂಡಿತು. ನಗರಗಳು ಸುಮ್ಮನಿರಲಿಲ್ಲ. ನಗರಗಳ ಒಕ್ಕೂಟ ಮುಂದೆ ನಿಂತು ಜನರ ಮುಂದೆ ಪ್ರಸ್ತಾವ ಇಟ್ಟಿತು. 2010ರ ನವೆಂಬರ್‌ನಲ್ಲಿ, ಊರಿನ ತೆರಿಗೆಯನ್ನು ರಾಜ್ಯ ಹೀಗೆ ಮುಟ್ಟೋ ಹಾಗಿಲ್ಲ ಅಂತ ಶೇಕಡಾ 60ಕ್ಕೂ ಹೆಚ್ಚು ಮತದಾರರು ಹೇಳಿದರು. ಅಲ್ಲಿ ಮೇಯರ್ ಇದ್ದರು, ಕೌನ್ಸಿಲ್ ಇತ್ತು, ಅದಕ್ಕೇ ಜಗಳವೂ ಇತ್ತು.

ನಮ್ಮೂರಲ್ಲೇ ಬೇರೆ ಮಾದರಿ ಇಲ್ವಾ ಅಂತ ಕೇಳಬಹುದು. ಎಲೆಕ್ಟ್ರಾನಿಕ್ ಸಿಟಿಯಲ್ಲಿ 2013ರಿಂದ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ಇದೆ. ಆಸ್ತಿ ತೆರಿಗೆಯನ್ನು ತಾನೇ ವಸೂಲಿ ಮಾಡಿ, ಶೇಕಡಾ 30ನ್ನು ಪಕ್ಕದ ಪಂಚಾಯತಿಗಳಿಗೆ ಕೊಟ್ಟು, ಉಳಿದದ್ದನ್ನು ಅಲ್ಲೇ ಖರ್ಚು ಮಾಡುತ್ತೆ. ರಸ್ತೆ, ದೀಪ ನೋಡಿ ಹೊಟ್ಟೆ ಉರಿದರೆ ತಪ್ಪಿಲ್ಲ. ಆದರೆ ಅದು ಜನ ಓಟು ಹಾಕಿ ಆರಿಸಿದ ಮಂಡಳಿ ಅಲ್ಲ. ಕಾಂಪೌಂಡ್ ಒಳಗಿನ ಕಂಪನಿಗೆ ಸರಿ. ಹೂಡಿ ಅಂದರೆ ಟೆಕ್ ಪಾರ್ಕ್ ಒಂದೇ ಅಲ್ವಲ್ಲ? ಹಳೇ ಊರಿದೆ, ಪಿಜಿಗಳಿವೆ, ಶೆಡ್‌ನಲ್ಲಿರೋ ಕಟ್ಟಡ ಕಾರ್ಮಿಕರಿದ್ದಾರೆ. ಅವರಿಗೂ ಒಂದೊಂದು ಓಟು ಬೇಕು.

ಇನ್ನೊಂದು ಮಾತು ಬರುತ್ತೆ: ಮಹದೇವಪುರದ ದುಡ್ಡು ಯಾದಗಿರಿ, ಬೀದರ್‌ಗೆ ಹೋಗಬಾರದಾ? ಹೋಗಬೇಕು, ಖಂಡಿತ ಹೋಗಬೇಕು. ಅದಕ್ಕೇ ಜಿಎಸ್‌ಟಿ ಇದೆ, ನೋಂದಣಿ ಮುದ್ರಾಂಕ ಶುಲ್ಕ ಇದೆ, ವಾಹನ ತೆರಿಗೆ ಇದೆ. ಇವೆಲ್ಲ ಇಲ್ಲಿಂದ ರಾಜ್ಯಕ್ಕೆ ಹೋಗ್ತಾನೇ ಇವೆ, ಯಾರೂ ತಕರಾರು ಮಾಡಿಲ್ಲ. ಆಸ್ತಿ ತೆರಿಗೆ ಮಾತ್ರ ಮನೆ ಮುಂದಿನ ಚರಂಡಿಯ ದುಡ್ಡು. ಬಿಬಿಎಂಪಿಯ ಎಂಟು ವಲಯಗಳಲ್ಲಿ ಅತಿ ಹೆಚ್ಚು ಆಸ್ತಿ ತೆರಿಗೆ ಕೊಡುತ್ತಿದ್ದದ್ದು ಮಹದೇವಪುರ ವಲಯ, 2024-25ರಲ್ಲಿ ಸಾವಿರ ಕೋಟಿಗೂ ಹೆಚ್ಚು. ಅಷ್ಟು ಕೊಟ್ಟ ಮೇಲೂ ಒಂದು ಜೋರು ಮಳೆಗೆ ರಸ್ತೆ ಕೆರೆಯಾದರೆ, ಯಾಕೆ ಅಂತ ಕೇಳೋದು ಸ್ವಾರ್ಥ ಅಲ್ಲ.

ಕೋಪದಲ್ಲಿ ತೆರಿಗೆ ಕಟ್ಟಲ್ಲ ಅನ್ನೋರಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಕಟ್ಟದಿದ್ದರೆ ದಂಡ, ಬಡ್ಡಿ ಬೀಳೋದು ನಿಮ್ಮ ಮೇಲೆ, ಕೇಳೋ ಹಕ್ಕು ದುರ್ಬಲ ಆಗೋದೂ ನಿಮ್ಮದೇ. ಕಟ್ಟಿ, ರಸೀದಿ ಇಟ್ಟುಕೊಳ್ಳಿ. ವಾರ್ಡ್ ಚುನಾವಣೆ ಬಂದ ದಿನ ಮನೆ ಬಾಗಿಲಿಗೆ ಓಟು ಕೇಳೋಕೆ ಬರ್ತಾರಲ್ಲ, ಯಾವ ಪಕ್ಷದವರಾದರೂ ಸರಿ, ಆ ರಸೀದಿ ತೋರಿಸಿ ಮೂರೇ ಪ್ರಶ್ನೆ ಕೇಳಿ. ಈ ಪಾಲಿಕೆಯ ತೆರಿಗೆ ಈ ಪಾಲಿಕೆಯಲ್ಲೇ ಖರ್ಚಾಗುತ್ತಾ? ನಮ್ಮ ವೃತ್ತಿ ತೆರಿಗೆಯಲ್ಲಿ ಊರಿಗೆ ಪಾಲು ಕೇಳ್ತೀರಾ? ಕೊನೇದು, ವಿಧಾನಸೌಧದಲ್ಲಿ ನಿಮ್ಮದೇ ಪಕ್ಷದ ಸರ್ಕಾರ ಇದ್ದಾಗ ಈ ಹಣಕ್ಕೆ ಕೈ ಹಾಕಿದರೆ, ಕೌನ್ಸಿಲ್‌ನಲ್ಲಿ ಎದ್ದು ನಿಂತು ವಿರೋಧ ಮಾಡ್ತೀರಾ?

ಮೂರನೆಯದಕ್ಕೆ ತಡವರಿಸಿದರೆ ಮುಂದಿನ ಅಭ್ಯರ್ಥಿಗೆ ಕಾಯಿರಿ.