ಅಂಕೋಲೆಯ ರೈತ ಸ್ಟೇಟಸ್ ಹಾಕಲಿಲ್ಲ

(ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)

ನಾನೂ ಎಂಜಿನಿಯರಿಂಗ್ ಓದಿದವನೇ. ಹಾಗಾಗಿ ನಿಮ್ಮ ತಲೆಯಲ್ಲಿ ಏನು ಓಡ್ತಿದೆ ಅಂತ ಗೊತ್ತು. ಬ್ಯಾಕ್‌ಲಾಗ್, ಪ್ಲೇಸ್‌ಮೆಂಟ್, ಎಜುಕೇಶನ್ ಲೋನ್. ಇಷ್ಟರ ಮಧ್ಯೆ ಗಾಂಧೀಜಿ ಬಗ್ಗೆ, ಚಾರಿತ್ರ್ಯದ ಬಗ್ಗೆ, ಛಲದ ಬಗ್ಗೆ ಮಾತಾಡಿ ಅಂತ ನನ್ನನ್ನ ಕರೆದಿದ್ದಾರೆ.

ಅಕ್ಟೋಬರ್ 2 ಬಂದ್ರೆ ಸಾಕು, ಎಲ್ಲರ ವಾಟ್ಸಾಪ್ ಸ್ಟೇಟಸ್‌ನಲ್ಲೂ ಗಾಂಧಿ ವಾಕ್ಯ. ಅವುಗಳಲ್ಲಿ ಎಷ್ಟೋ ಮಾತು ಗಾಂಧಿ ಆಡಿದ್ದೇ ಅಲ್ಲ. ಅದಕ್ಕೇ ಇವತ್ತು ಅವರು ಹೇಳಿದ್ದನ್ನ ಬಿಟ್ಟು, ಮಾಡಿದ್ದನ್ನ ಹೇಳ್ತೀನಿ.

ಲಂಡನ್‌ನಲ್ಲಿ ಬ್ಯಾರಿಸ್ಟರ್ ಓದಿ ಬಂದ ಹುಡುಗ. ಮುಂಬೈ ಕೋರ್ಟಿನಲ್ಲಿ ಮೊದಲ ಕೇಸು, ಫೀಸು 30 ರೂಪಾಯಿ. ಪಾಟೀಸವಾಲಿಗೆ ಎದ್ದು ನಿಂತರೆ ತಲೆ ತಿರುಗಿತು. ಒಂದು ಪ್ರಶ್ನೆಯೂ ಬಾಯಿಂದ ಹೊರಡಲಿಲ್ಲ. ಫೀಸು ವಾಪಸ್ ತಗೊಳ್ಳಿ, ಬೇರೆ ವಕೀಲರನ್ನ ನೋಡ್ಕೊಳ್ಳಿ ಅಂದುಬಿಟ್ಟರು. ಇದನ್ನ ಆತ್ಮಕಥೆಯಲ್ಲಿ ಅವರೇ ಬರೆದುಕೊಂಡಿದ್ದಾರೆ. ಅದೇ ಮನುಷ್ಯ 1930ರ ಮಾರ್ಚ್ 12ರಂದು, 60ರ ವಯಸ್ಸಿನಲ್ಲಿ, 78 ಜನರನ್ನ ಕಟ್ಕೊಂಡು ಸಾಬರಮತಿಯಿಂದ ದಂಡಿಗೆ ನಡೆದರು. ಏಪ್ರಿಲ್ 6ಕ್ಕೆ ಸಮುದ್ರದ ದಡದಲ್ಲಿ ಉಪ್ಪು ಎತ್ತಿದರು. ಇಡೀ ಸಾಮ್ರಾಜ್ಯ ತಿರುಗಿ ನೋಡಿತು. ಆ ಕೋರ್ಟಿಗೂ ಈ ದಂಡಿಗೂ ನಡುವೆ ಸುಮಾರು 40 ವರ್ಷ. ಛಲ ಅಂದ್ರೆ ಆ 40 ವರ್ಷ, ಸ್ನೇಹಿತರೇ.

ಆದ್ರೆ ಬರೀ ಛಲ ಸಾಕಾ? ಕಳ್ಳನಿಗೂ ಛಲ ಇರುತ್ತೆ. 1922ರಲ್ಲಿ ಅಸಹಕಾರ ಚಳವಳಿ ದೇಶವನ್ನೇ ಅಲ್ಲಾಡಿಸ್ತಿತ್ತು. ಚೌರಿ ಚೌರಾದಲ್ಲಿ ಜನ ಪೊಲೀಸರನ್ನ ಠಾಣೆಯಲ್ಲೇ ಸುಟ್ಟರು. ಗಾಂಧಿ ಚಳವಳಿಯನ್ನೇ ನಿಲ್ಲಿಸಿದರು. ಜೊತೆಗಾರರೇ ಸಿಟ್ಟಾದರು. ಕೊಳಕು ದಾರಿಯಲ್ಲಿ ಬರೋ ಗೆಲುವು ಬೇಡ ಅನ್ನೋದಿದೆಯಲ್ಲ, ಅದು ಚಾರಿತ್ರ್ಯ.

ಅಯ್ಯೋ, ಅದೆಲ್ಲ ಮಹಾತ್ಮರಿಗೆ ಸರಿ, ನಮ್ಮಂಥವರಿಗಲ್ಲ ಅಂತೀರಾ? ಹಾಗಾದ್ರೆ ನಿಮ್ಮ ಪಕ್ಕದ ಅಂಕೋಲೆಗೆ ಬನ್ನಿ. ಇಲ್ಲಿಂದ ಒಂದು ಗಂಟೆ ದಾರಿ. ದಂಡಿಯಾಗಿ ಸರಿಯಾಗಿ ಒಂದು ವಾರಕ್ಕೆ, 1930ರ ಏಪ್ರಿಲ್ 13ರಂದು, ಎಂ.ಪಿ. ನಾಡಕರ್ಣಿ ಅವರು ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದರು. ಆಮೇಲೆ ಅಂಕೋಲೆ, ಸಿದ್ದಾಪುರದ ರೈತರು ಕರನಿರಾಕರಣೆಗೆ ಇಳಿದರು. ಕಂದಾಯ ಕಟ್ಟಲ್ಲ ಅಂದರು. ಸರ್ಕಾರ ಮನೆಯ ಸಾಮಾನು ಎತ್ಕೊಂಡು ಹೋಯ್ತು, ಜಮೀನು ಜಪ್ತಿ ಮಾಡ್ತು. ಸಿದ್ದಾಪುರದ ಕಡೆ ಹೆಂಗಸರು ಏನು ಮಾಡಿದರು ಗೊತ್ತಾ? ಜಪ್ತಾದ ಆಸ್ತಿ ಕೊಂಡವರ ಮನೆಗೆ ಕಲ್ಲು ಹೊಡೆಯಲಿಲ್ಲ. ಮನೆ ಮುಂದೆ ಉಪವಾಸ ಕೂತರು.

ಈಗ ಎಂಜಿನಿಯರ್ ಥರ ಲೆಕ್ಕ ಹಾಕಿ ನೋಡಿ. ಕಟ್ಟಬೇಕಾದ್ದು ವರ್ಷದ ಕಂದಾಯ. ಕಳ್ಕೊಂಡಿದ್ದು ಅಜ್ಜನ ಕಾಲದ ಗದ್ದೆ. ಯಾವ ಎಕ್ಸೆಲ್ ಶೀಟಿಗೂ ಹೊಂದದ ಲೆಕ್ಕ ಇದು! ಟಿವಿ ಇರಲಿಲ್ಲ, ಕ್ಯಾಮೆರಾ ಇರಲಿಲ್ಲ, ಚಪ್ಪಾಳೆಯೂ ಇಲ್ಲ. ಗದ್ದೆ ವಾಪಸ್ ಬರುತ್ತೆ ಅಂತ ಯಾರೂ ಬರೆದು ಕೊಟ್ಟಿರಲಿಲ್ಲ. ಈ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. 1937ರಲ್ಲಿ ಅಲ್ಲಿ ಕಾಂಗ್ರೆಸ್ ಸರ್ಕಾರ ಬಂತು. ಜಪ್ತಾದ ಜಮೀನು ಹಿಂದಿರುಗಿಸುವ ಕಾನೂನು ಆದದ್ದು 1938ರಲ್ಲಿ. ಅಲ್ಲಿವರೆಗೆ ಆ ಮನೆಗಳಲ್ಲಿ ಒಲೆ ಹೇಗೆ ಉರಿಯಿತು ಅಂತ ಯೋಚನೆ ಮಾಡಿ. ಕಾಯೋದು ನಿಮ್ಮ ಮಾಜಾಳಿಗೂ ಹೊಸದಲ್ಲ ಬಿಡಿ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ, 1961ರ ಡಿಸೆಂಬರ್ 19ರವರೆಗೆ, ಪಕ್ಕದ ಗೋವಾ ಪೋರ್ಚುಗೀಸರ ಕೈಯಲ್ಲೇ ಇತ್ತು. 14 ವರ್ಷ!

ಇಷ್ಟೆಲ್ಲ ಯಾಕೆ ಹೇಳಿದೆ? ನಾಳೆ ನೀವು ಬೆಂಗಳೂರಿಗೆ ಹೋಗ್ತೀರಿ. ಪಿಜಿಯಲ್ಲಿ ಇರ್ತೀರಿ. ಆರು ತಿಂಗಳಾದ್ರೂ ಕೆಲಸ ಸಿಕ್ಕಿರಲ್ಲ. ಆಗ ಒಂದು ಫೋನ್ ಬರುತ್ತೆ. "ದುಡ್ಡು ಕೊಡಿ, ಎರಡು ವರ್ಷದ ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ನಾವು ಮಾಡಿಸಿ ಕೊಡ್ತೀವಿ." ನಾನಿದ್ದ ಪಿಜಿಗೂ ಇಂಥ ಫೋನ್ ಬರ್ತಿತ್ತು. ರೂಮಿನಲ್ಲಿ ಆ ಹೊತ್ತು ನಿಮ್ಮನ್ನ ನೋಡೋರು ಯಾರೂ ಇರಲ್ಲ. ನಿಮ್ಮ ದಂಡಿ, ನಿಮ್ಮ ಅಂಕೋಲೆ ಎಲ್ಲ ಅಲ್ಲೇ.

ಬೇಡ ಅನ್ನೋದು ಸುಲಭ ಅಂತ ನಾನು ಹೇಳಲ್ಲ. ಇಎಂಐ ಕಟ್ಟೋ ಮನೆಯ ಹುಡುಗನಿಗೆ, ಹುಡುಗಿಗೆ ಆರು ತಿಂಗಳು ಅಂದ್ರೆ ಸಣ್ಣ ಮಾತಲ್ಲ. ಬೇಡ ಅಂದಿದ್ದಕ್ಕೆ ಬೆಲೆ ತೆರಬೇಕಾಗುತ್ತೆ. ಬೆಲೆ ಇಲ್ಲದ ಚಾರಿತ್ರ್ಯ ಬರೀ ಸ್ಟೇಟಸ್ ಅಷ್ಟೆ. ಆದ್ರೆ ಸುಳ್ಳು ಕಾಗದದ ಮೇಲೆ ನಿಂತವನು ಪ್ರತಿ ವೆರಿಫಿಕೇಶನ್‌ಗೂ, ಪ್ರತಿ ಹೊಸ ಕೆಲಸಕ್ಕೂ ಹೆದರ್ತಾನೇ ಇರ್ಬೇಕು. ಬೇಡ ಅಂದವನು ತಡವಾಗಿ ಸೇರ್ತಾನೆ, ಆದ್ರೆ ನಿದ್ದೆ ಮಾಡ್ತಾನೆ.

ಆ ಫೋನ್ ಇಟ್ಟ ಮೇಲೆ ಮನೆಗೊಂದು ಫೋನ್ ಮಾಡಿ. "ಅಪ್ಪಾ, ಕೆಲಸ ಇನ್ನೂ ಸಿಕ್ಕಿಲ್ಲ, ಹುಡುಕ್ತಾ ಇದ್ದೀನಿ" ಅಂತ ಇದ್ದಿದ್ದು ಇದ್ದ ಹಾಗೆ ಹೇಳಿ. ಗದ್ದೆ ಕಳ್ಕೊಂಡೂ ತಲೆ ತಗ್ಗಿಸದ ಜಿಲ್ಲೆಯ ಮಕ್ಕಳು ನೀವು. ಇಷ್ಟು ನಿಮ್ಮ ಕೈಲಿ ಆಗುತ್ತೆ.