ಲಾಂಛನದ ಹೊಳಪು



ಸಂಘದ ಲಾಂಛನಕ್ಕಾಗಿ ‘ಕನ್ನಡ’ ಎಂಬ ಪದವನ್ನು, ಬೆಲೆ ತೆರಬೇಕಿಲ್ಲದ ‘ಗಿಂಪ್’ ಎಂಬ ತಂತ್ರಾಂಶದಿಂದ ಗಣಕಯಂತ್ರದಲ್ಲಿ ಹೊಳೆಯಿಸಲು ಹೊರಟೆವು. ಹೊಳಪು ಸುಲಭ: ಅಕ್ಷರಗಳ ಮೇಲರ್ಧಕ್ಕೆ ತೆಳುವಾದ ಬಿಳಿಯ ಪದರವನ್ನು ಹಾಸಿದರೆ ತಲೆಕಟ್ಟುಗಳು ಬೆಳಕು ಹಿಡಿದಂತೆ ತೋರುವುವು. ಪ್ರತಿಬಿಂಬಕ್ಕೆ ಅಕ್ಷರಪದರದ ಪ್ರತಿಯೊಂದನ್ನು ತಲೆಕೆಳಗು ಮಾಡಿ ಅಡಿಯಲ್ಲಿರಿಸಿ, ನೀರಿನಲ್ಲಿ ಕಂಡಂತೆ ಕೆಳಕೆಳಗೆ ಮಾಸಿಸಬೇಕು. ಇಂಗ್ಲಿಷ್ ಅಕ್ಷರಗಳಿಗೆ ಹೇಳಿದ ಕ್ರಮದಂತೆ ಅದನ್ನು ಅಕ್ಷರದ ಬುಡಕ್ಕೇ ತಾಗಿಸಿದೆವು. ನಕಾರದ ಒತ್ತು ಪ್ರತಿಬಿಂಬದಲ್ಲಿ ಹೂತುಹೋಗಿ ‘ಕನಡ’ ಎಂದಾಯಿತು! ಎಳೆಯರು ನಕ್ಕರು, ನಮಗೆ ನಗು ಬರಲಿಲ್ಲ. ಈ ಗಡಿಯಲ್ಲಿ ಫಲಕಗಳನ್ನು ನೋಡಿಯೇ ಅಕ್ಷರ ಕಲಿಯುವ ಮಕ್ಕಳಿದ್ದಾರಲ್ಲವೇ? ಪ್ರತಿಬಿಂಬವನ್ನು ಒತ್ತಿನ ತುದಿಯವರೆಗೆ ಇಳಿಸಿದೆವು. ಕಕಾರ, ಡಕಾರಗಳ ಕೆಳಗೆ ತುಸು ತೆರಪು ಉಳಿದಿದೆ. ಅದನ್ನು ಹಾಗೆಯೇ ಬಿಟ್ಟಿದ್ದೇವೆ.