ಒಂದೇ ಸದ್ದು, ಬೇರೆ ಬೇರೆ ಬೇರು

‘ಹಿಂದಿಯವರಿಗೆ ಉಪನ್ಯಾಸ ಎಂದರೆ ಕಾದಂಬರಿ, ಶಿಕ್ಷಾ ಎಂದರೆ ವಿದ್ಯೆ, ಹಾಗಾದರೆ ನಮ್ಮ ಬಳಕೆ ತಪ್ಪೇ?’ ಎಂದು ಕೇಳುಗರು ಬರೆಯುತ್ತಲೇ ಇದ್ದೀರಿ. ತಪ್ಪಲ್ಲ. ಸಂಸ್ಕೃತದ ಪದ ಒಂದೊಂದು ನಾಡಿನಲ್ಲಿ ಒಂದೊಂದು ದಾರಿ ಹಿಡಿದಿದೆ, ಅಷ್ಟೇ. ಬೆಂಗಳೂರಿನ ಜ್ಞಾನಭಾರತಿಯ ಹಾಸ್ಟೆಲಿನಲ್ಲಿ ಅನಂತಪುರದ ಗೆಳೆಯ ತೆಲುಗಿನಲ್ಲಿ ‘ಅವಸರಂ ಲೇದು’ ಎಂದರೆ ಬೇಕಾಗಿಲ್ಲ ಎಂದರ್ಥ. ಮಂಡ್ಯದವರ ಕಿವಿಗೆ ಅದು ಆತುರವಿಲ್ಲ ಎಂದು ಬೀಳುತ್ತಿತ್ತು. ಇಬ್ಬರೂ ಸರಿಯೇ.

ಇವೆಲ್ಲ ಒಂದೇ ಬೇರಿನ ಪದಗಳು. ನನಗೆ ಸಹನೆ ತಪ್ಪುವುದು ಸದ್ದು ಒಂದಾದರೆ ಮೂಲವೂ ಒಂದೇ ಎಂಬ ನಂಬಿಕೆ ಕಂಡಾಗ. ‘ಅರಿ’ಯನ್ನೇ ನೋಡಿ. ಅರಿಷಡ್ವರ್ಗದ ಅರಿ ಸಂಸ್ಕೃತದ್ದು, ಶತ್ರು ಎಂದರ್ಥ. 941ರಲ್ಲಿ ಕಾವ್ಯ ಬರೆದ ಪಂಪನಿಗೆ ಆಶ್ರಯ ಕೊಟ್ಟ ಅರಿಕೇಸರಿಯ ಹೆಸರಿನಲ್ಲಿರುವುದೂ ಅದೇ. ರಾಗಿ ಕೊಯ್ಯುವವರು ಕೊಯ್ದು ಹಾಕುವ ಹಿಡಿಯೂ ಅರಿ. ಅದು ಕತ್ತರಿಸು ಎಂಬರ್ಥದ ಅಚ್ಚಗನ್ನಡ ಪದ. ಕಾಸರಗೋಡಿನ ಅಂಗಡಿಯಲ್ಲಿ ಮಲಯಾಳಿಗಳು ಅರಿ ಕೇಳಿದರೆ ಅಕ್ಕಿ ಅಳೆದು ಕೊಡಬೇಕು. ಇನ್ನು ಅರಿವಿನ ಅರಿ? ಅಜ್ಞಾನಕ್ಕೆ ಅರಿಯಾದ್ದರಿಂದ ಅರಿವು ಎಂದು ವೇದಿಕೆಯ ಮೇಲೆ ವಿವರಿಸಿದವರನ್ನು ಕೇಳಿದ್ದೇನೆ. ಚಪ್ಪಾಳೆ ಬಿತ್ತು, ನನಗೆ ಸಂಕಟವಾಯಿತು.

ಹಳಗನ್ನಡದಲ್ಲಿ ಅದು ‘ಅಱಿ’. ಅಲ್ಲಿರುವುದು ಶಕಟರೇಫ, ನಾವು ಇಂದು ಬರೆಯುವ ರ ಅಲ್ಲ. ಉಚ್ಚಾರ ಬೇರೆ, ಅಕ್ಷರವೂ ಬೇರೆ. ಕನ್ನಡದಲ್ಲಿ ಬರಬರುತ್ತಾ ಅದು ರಕಾರದೊಳಗೆ ಕರಗಿತು. ತಮಿಳು, ಮಲಯಾಳಗಳು ಇಂದಿಗೂ ಎರಡನ್ನೂ ಬೇರೆಯಾಗಿಯೇ ಬರೆಯುತ್ತವೆ. ಮತ್ತೊಮ್ಮೆ ಹೇಳುತ್ತೇನೆ, ದಯವಿಟ್ಟು ಗಮನವಿಡಿ: ಪದಗಳು ಒಂದಾಗಲಿಲ್ಲ, ಅವನ್ನು ಬೇರೆ ಮಾಡುತ್ತಿದ್ದ ಅಕ್ಷರ ಹೋಯಿತು. ಹಳಗನ್ನಡದ ಇನ್ನೊಂದು ಅಕ್ಷರವಾದ ೞಕಾರ ಹೋದಾಗಲೂ ಹೀಗೆಯೇ ಆಯಿತು. ಬದುಕು ಎಂಬರ್ಥದ ಬಾಳು ಹಿಂದೆ ‘ಬಾೞ್’. ಕತ್ತಿ ಎಂಬರ್ಥದ್ದು ‘ಬಾಳ್’. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ೞಕಾರದ ಪದಗಳನ್ನು ಪಟ್ಟಿ ಮಾಡಿಟ್ಟಿದ್ದಾನೆ. ಆ ಪಟ್ಟಿ ಕೈಯಲ್ಲಿದ್ದೂ ಬಾಳೆಂದರೆ ಕತ್ತಿಯ ಅಲಗು ಎಂದು ವ್ಯುತ್ಪತ್ತಿ ಕಟ್ಟುವುದು ಭಾಷೆಗೆ ಮಾಡುವ ಅನ್ಯಾಯ. ಅಕ್ಷರ ಹೋಯಿತು, ಪದಗಳು ಒಂದಾಗಲಿಲ್ಲ.

ಹೊತ್ತು ಮುಗಿಯುತ್ತಿದೆ, ಸಲಹೆಯನ್ನು ಚುಟುಕಾಗಿ ಹೇಳುತ್ತೇನೆ. ಪದದ ಮೂಲ ಹೇಳುವ ಮೊದಲು 1894ರ ಕಿಟೆಲ್ ನಿಘಂಟು ತೆರೆಯಿರಿ. ಅದರಲ್ಲಿ ಱ, ೞ ಎರಡನ್ನೂ ಬೇರೆಯಾಗಿಯೇ ತೋರಿಸಿದ್ದಾರೆ. ರಾಜಾಜಿನಗರದಲ್ಲೋ ವಿಜಯನಗರದಲ್ಲೋ ತಮಿಳು ಓದಿದ ನೆರೆಯವರು ಸಿಕ್ಕರೆ, ಆ ಪದವನ್ನು ಅವರ ಲಿಪಿಯಲ್ಲಿ ಬರೆಸಿ ನೋಡಿ. ಹಿಂದಿಯೊಡನೆ ಹೋಲಿಸುವುದು ಅದಾದ ಮೇಲಿನ ಕೆಲಸ.